ಬೈಯುವ ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ

ಮಗು ಕ್ಲಾಸಲ್ಲಿ ಗಮನ ಕೊಡಲ್ಲ ಅಂತ ಟೀಚರ್ ಹೇಳಿದರೆ ಸುಮ್ನೆ ಬೈಯಬೇಡಿ, ಮೊದಲು ಕಿವಿ ತೋರಿಸಿ. ನೆಗಡಿ ಪದೇಪದೇ ಆಗುವ ಮಕ್ಕಳಿಗೆ ಕಿವಿಯ ತಮಟೆಯ ಹಿಂದೆ ನೀರು ತುಂಬಿ, ಕೇಳಿಸುವುದು ಮಂದವಾಗಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ಮಗು ಹೇಳುವುದೂ ಇಲ್ಲ. ಒಂದೇ ಕಿವಿ ಮಂದವಾಗಿದ್ದರಂತೂ ಮನೆಯಲ್ಲಿ ಗೊತ್ತಾಗುವುದೇ ಕಷ್ಟ. ಟಿವಿ ಸೌಂಡ್ ಜಾಸ್ತಿ ಮಾಡುವುದು, ಉಕ್ತಲೇಖನದಲ್ಲಿ ತಪ್ಪು ಹೆಚ್ಚುವುದು, ಇವನ್ನು ಗಮನಿಸಿ.

ಸರ್ಕಾರಿ ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ತಪಾಸಣೆಗೆ ಬಂದಾಗ ಕಿವಿಯ ವಿಷಯವನ್ನೂ ಹೇಳಿ. ಇಲ್ಲವಾದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಶಬ್ದ ಕೇಳಿದಾಗ ಕೈ ಎತ್ತಿದರಾಯಿತು, ಮಗುವಿಗೆ ನೋವಾಗುವುದಿಲ್ಲ. ಒಮ್ಮೆ ಸರಿಯಿದ್ದರೂ ವರ್ಷಕ್ಕೊಂದು ಸಲ ಮಾಡಿಸುತ್ತಿರಿ, ತೊಂದರೆ ಆಮೇಲೂ ಶುರುವಾಗಬಹುದು.