ತೋಟದ ಆಫೀಸಲ್ಲಿ ಒಂದೇ ಲಾಗಿನ್ನು, ಲೆಕ್ಕಕ್ಕೆ ಮಾತ್ರ ಎರಡು ಬೀಗ

ಮೂಡಿಗೆರೆ, ಆಲ್ದೂರು ಕಡೆ ಕಾಫಿ ತೋಟಗಳಿಗೆ ವಿಂಡೋಸಲ್ಲಿ ಓಡೋ ಲೆಕ್ಕದ ಸಾಫ್ಟ್‌ವೇರ್ ಮಾಡ್ಕೊಡ್ತೀನಿ, ಆಳುಗಳ ಹಾಜರಿ, ಬಟವಾಡೆ, ಮುಂಗಡ, ಚೆರಿ (ಒಣ ಕಾಫಿ ಹಣ್ಣು) ಎಷ್ಟು ಮೂಟೆ ಯಾವ ರೇಟಿಗೆ ಹೋಯ್ತು ಎಲ್ಲಾ. ಹಾಜರಿ ಬರೆಯೋದು ರೈಟ್ರು, ರೇಟು ನೋಡೋದು ಸಾಹುಕಾರ್ರು ಮಾತ್ರ. ಆದ್ರೆ ಕಂಪ್ಯೂಟರ್ ಒಂದೇ, ವಿಂಡೋಸ್ ಲಾಗಿನ್ನೂ ಒಂದೇ, ಪಾಸ್‌ವರ್ಡ್ ಚೀಟಿ ಮಾನಿಟರ್‌ಗೇ ಅಂಟಿಸಿರ್ತಾರೆ.

ಲೆಕ್ಕದ ಫೈಲಿಗೆ ಬೀಗ ಹಾಕಿ (ಎನ್‌ಕ್ರಿಪ್ಟ್ ಮಾಡಿ), ಬಿಚ್ಚೋ ಕೀನ ಬಚ್ಚಿಡೋಕೆ ವಿಂಡೋಸ್ 2000ದಿಂದ್ಲೂ ಡಿಪಿಎಪಿಐ ಅಂತ ವಿಂಡೋಸಿನದೇ ಒಂದು ಸೌಲಭ್ಯ ಇದೆ, ಒಳ್ಳೇದೇ, ಆದ್ರೆ ಅದು ನೋಡೋದು ಲಾಗಿನ್ ಯಾರ್ದು ಅಂತ ಅಷ್ಟೇ, ಅದೇ ಲಾಗಿನ್ನಲ್ಲಿ ಯಾವ ಪ್ರೋಗ್ರಾಂ ಕೇಳಿದ್ರೂ ಬಿಚ್ಚಿ ಕೊಡುತ್ತೆ, ಅಂದ್ಮೇಲೆ ರೈಟ್ರಿಗೂ ಸಾಹುಕಾರ್ರಿಗೂ ಅದಕ್ಕೆ ವ್ಯತ್ಯಾಸ ಎಲ್ಲಿಂದ ಗೊತ್ತಾಗ್ಬೇಕು. ಇನ್ನೊಂದು, ರಿಪೇರಿಯವ್ರು ಏನೇ ತೊಂದ್ರೆ ಅಂದ್ರೂ ವಿಂಡೋಸ್ ಹೊಸದಾಗಿ ಹಾಕ್ಬಿಡ್ತಾರೆ, ಆಗ ಡಿಪಿಎಪಿಐನ ಮಾಸ್ಟರ್ ಕೀ ಹೋದಂಗೇ, ಬಚ್ಚಿಟ್ಟ ಕೀನೂ ಬಿಚ್ಚೋಕಾಗಲ್ಲ.

ಅದಕ್ಕೆ ನಾನು ಡೇಟಾಬೇಸ್ ಫೈಲನ್ನೇ ಎರಡು ಮಾಡ್ದೆ, ಹಾಜರಿದು ಬೇರೆ ಮಾರಾಟದ್ದು ಬೇರೆ, ಎರಡಕ್ಕೂ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನ ಎನ್‌ಕ್ರಿಪ್ಟ್ ಮಾಡೋ ಎಸ್‌ಕ್ಯೂಎಲ್‌ಸೈಫರ್, ಒಂದೊಂದಕ್ಕೂ 256 ಬಿಟ್ಟಿನ ರ‍್ಯಾಂಡಮ್ ಕೀ. ಸಾಹುಕಾರ್ರ ಪಾಸ್‌ವರ್ಡನ್ನ ಪಿಬಿಕೆಡಿಎಫ್2ನಲ್ಲಿ (ಪಾಸ್‌ವರ್ಡನ್ನ ಮತ್ತೆ ಮತ್ತೆ ಕಲಸಿ ಕೀ ಮಾಡೋ ವಿಧಾನ) 6 ಲಕ್ಷ ಸುತ್ತು ಹಾಕಿ, ಬಂದ ಕೀಯಿಂದ ಮಾರಾಟದ ಕೀಗೆ ಬೀಗ. ಹಳೇ ಕಂಪ್ಯೂಟರಲ್ಲಿ ತೆಗೆಯೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಹಿಡೀಲಿ ಬಿಡಿ, ಊಹೆ ಮಾಡಿ ನೋಡೋನಿಗೂ ಪ್ರತಿ ಸಲ ಅಷ್ಟೇ ಸುತ್ತು ಹಾಕ್ಬೇಕು ತಾನೆ. ಅದೇ ಕೀದು ಇನ್ನೊಂದು ಪ್ರತಿನ ರಿಕವರಿ ಕೋಡಲ್ಲಿ ಮುಚ್ಚಿ, ಕೋಡನ್ನ ಪೇಪರಲ್ಲಿ ಪ್ರಿಂಟ್ ತೆಗೆದು ಪಹಣಿ ಪತ್ರದ ಜೊತೆ ಇಟ್ಕೊಳ್ಳಿ ಅಂತ ಕೊಡ್ತೀನಿ.

ಈ ಫೈಲನ್ನ ಹೆಕ್ಸ್ ಎಡಿಟರಲ್ಲಿ (ಫೈಲಿನ ಬೈಟುಗಳನ್ನ ಇದ್ದ ಹಾಗೇ ತೋರಿಸೋ ಪ್ರೋಗ್ರಾಂ) ತೆಗೆದು ನೋಡಿದ್ರೆ ಗೊತ್ತಾಗುತ್ತೆ, ಮಾಮೂಲಿ ಎಸ್‌ಕ್ಯೂಲೈಟ್ ಫೈಲಾದ್ರೆ ಮೊದಲ 16 ಬೈಟಲ್ಲೇ ತನ್ನ ಹೆಸ್ರು ಹೇಳ್ಕೊಂಡಿರುತ್ತೆ, ಇದ್ರಲ್ಲಿ ಆ ಜಾಗದಲ್ಲಿ ಸಾಲ್ಟ್ ಅನ್ನೋ ರ‍್ಯಾಂಡಮ್ ಬೈಟುಗಳು, ಬರೀ ಕಸ ಕಂಡಂಗೆ ಕಾಣುತ್ತೆ. ಒಬ್ರು ಸಾಹುಕಾರ್ರು ಇದನ್ನ ನೋಡಿ "ಏನ್ ಮಾರಾಯ, ಫೈಲ್ ಕೆಟ್ಟೋಗಿದ್ಯಲ್ಲ" ಅಂದ್ರು.

ನನ್ನ ಪ್ರೋಗ್ರಾಂ ಕೂರೋದು ವಿಂಡೋಸಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರಲ್ಲಿ, ಅಡ್ಮಿನ್ ಅಲ್ದೋರು ಫೈಲ್ ಬದಲಾಯಿಸೋಕಾಗಲ್ಲ, ಆದ್ರೆ ಆ ಒಂದೇ ಲಾಗಿನ್ನನ್ನ ಅಡ್ಮಿನ್ ಮಾಡಿಟ್ಟಿದ್ರೆ ಏನೂ ಉಪಯೋಗ ಇಲ್ಲ, ಹಾಗಾಗಿ ಇನ್‌ಸ್ಟಾಲ್ ಮಾಡೋ ದಿನಾನೇ ಸ್ಟ್ಯಾಂಡರ್ಡ್ ಯೂಸರ್ ಮಾಡಿ ಬರ್ತೀನಿ. ಅಪ್‌ಡೇಟ್ ಬಂದ್ರೆ ಅದರ ಮೇಲಿನ ನನ್ನ ಡಿಜಿಟಲ್ ಸಹಿ ಸರಿಯಿದ್ರೆ ಮಾತ್ರ ಓಡುತ್ತೆ. ಆ ಸಹಿ ಹಾಕೋ ಕೋಡ್ ಸೈನಿಂಗ್ ಕೀನ 2023ರ ಜೂನ್‌ನಿಂದ ಹಾರ್ಡ್‌ವೇರಲ್ಲೇ ಇಡ್ಬೇಕು ಅಂತ ರೂಲು ಬಂತು, ನಮ್ಮಂಥ ಒಬ್ಬಂಟಿ ಡೆವಲಪರಿಗೆ ಖರ್ಚೇ, ಆದ್ರೂ ತಗೊಂಡೆ. ರೈಟ್ರು ಪಾಸ್‌ವರ್ಡ್ ಟೈಪ್ ಮಾಡೋದನ್ನ ಹಿಂದೆ ನಿಂತು ನೋಡ್ಕೊಂಡ್ರೆ ಅದಕ್ಕೆ ನನ್ನತ್ರ ಕೋಡ್ ಇಲ್ಲ.