ಸ್ಪ್ರೇ ಕೋಟಿಂಗ್‌ಗೆ ಲೇಸರ್: ಎಷ್ಟು ಆಳ ಕರಗಿಸಬೇಕು?

ತುಕ್ಕು ಹಿಡಿದು ಸವೆದ ಪಂಪ್ ಶಾಫ್ಟ್‌ಗೆ ಮೆಟಲ್ ಸ್ಪ್ರೇ ಮಾಡಿಸಿದರೂ ಕೋಟಿಂಗ್ ಸಿಪ್ಪೆಯಂತೆ ಏಳುವುದುಂಟು. ಫ್ಲೇಮ್ ಸ್ಪ್ರೇ ಪದರವೆಂದರೆ, ಅಂದರೆ ಲೋಹವನ್ನು ಜ್ವಾಲೆಯಲ್ಲಿ ಕರಗಿಸಿ ಸಿಂಪಡಿಸಿದ ಪದರವೆಂದರೆ, ಅವಲಕ್ಕಿ ಒತ್ತಿ ಇಟ್ಟ ಹಾಗೆ. ಸಂದಿಗಳಲ್ಲಿ ನೀರು ಇಳಿದು ಅಡಿಯ ಉಕ್ಕನ್ನು ತಿನ್ನುತ್ತದೆ. ಲೇಸರ್ ಈ ಪದರವನ್ನು ಕರಗಿಸಿ ಸಂದಿ ಮುಚ್ಚುತ್ತದೆ, ಉಕ್ಕಿಗೆ ಬೆಸೆಯುತ್ತದೆ.

ನಿಕಲ್-ಕ್ರೋಮಿಯಂ-ಬೋರಾನ್-ಸಿಲಿಕಾನ್ ಪುಡಿ ಇದಕ್ಕೆ ಹೇಳಿ ಮಾಡಿಸಿದ್ದು. ಸತುವಿನ ಕೋಟಿಂಗ್ ಮೇಲೆ ಮಾತ್ರ ಲೇಸರ್ ಬೇಡ: 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅದಕ್ಕೆ ಸಂದಿ ಮುಚ್ಚುವ ಸೀಲರ್ ಬಳಿದರೆ ಸಾಕು.

24 ಗ್ರಿಟ್ ಅಲ್ಯೂಮಿನಾ (ಒರಟು ಹರಳು) ರಭಸದಿಂದ ಎರಚಿ ಶಾಫ್ಟನ್ನು ಬ್ಲಾಸ್ಟ್ ಮಾಡಿದ ಕೂಡಲೇ ಸ್ಪ್ರೇ ಮಾಡಿ. ಧಾರವಾಡದ ಮಳೆಗಾಲದಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಮೇಲ್ಮೈ ಕೆಂಪಾಗಿರುತ್ತದೆ. 0.5 ಮಿ.ಮೀ. ಬೇಕಿದ್ದರೆ 0.8 ಹಾಕಿ, ಕರಗಿದಾಗ ಪದರ ಕುಗ್ಗುತ್ತದೆ, ಉಳಿದದ್ದು ಗ್ರೈಂಡಿಂಗ್‌ಗೆ. ಲೇಸರ್‌ಗೆ ಮುಂಚೆ ಎಣ್ಣೆ, ಕೂಲೆಂಟ್ ಸೋಕಿಸಲೇಬೇಡಿ. ಸಂದಿಗಿಳಿದ ಎಣ್ಣೆ ಗುಳ್ಳೆಯಾಗಿ ಏಳುತ್ತದೆ.

ಶಾಫ್ಟನ್ನು 300 ಡಿಗ್ರಿಗೆ ಕಾಯಿಸಿ, ಗಾಳಿ ತಾಗದಂತೆ ಆರ್ಗಾನ್ ಅನಿಲ ಹರಿಸಿ. ಅದೇ ಉಕ್ಕಿನ ತುಂಡಿನ ಮೇಲೆ ಮೊದಲ ಪ್ರಯೋಗ: 1.5 ಕಿಲೋವ್ಯಾಟ್, 3 ಮಿ.ಮೀ. ಸ್ಪಾಟ್, ಸೆಕೆಂಡಿಗೆ 10 ಮಿ.ಮೀ. ವೇಗ, ಶಾಫ್ಟಿನ ಪ್ರತಿ ಸುತ್ತಿಗೂ ಲೇಸರ್ 2 ಮಿ.ಮೀ. ಪಕ್ಕಕ್ಕೆ ಸರಿಯಬೇಕು. 50 ಮಿ.ಮೀ. ಶಾಫ್ಟ್‌ಗೆ ಇದು ನಿಮಿಷಕ್ಕೆ ನಾಲ್ಕು ಸುತ್ತೂ ಆಗುವುದಿಲ್ಲ. ಸಾಮಾನ್ಯ ಲೇಥ್ ಇಷ್ಟು ನಿಧಾನ ತಿರುಗದು, ರಿಡಕ್ಷನ್ ಗೇರ್ ಬೇಕೇ ಬೇಕು.

ಆ ತುಂಡನ್ನು ಅಡ್ಡ ಕೊಯ್ದು, ಪಾಲಿಶ್ ಮಾಡಿ, ಎಚ್ ಮಾಡಿ (ಆಸಿಡ್ ಸವರಿ ಗೆರೆ ಕಾಣುವಂತೆ ಮಾಡಿ) ನೋಡಿ. ಕರಗಿದ ಗೆರೆ ಉಕ್ಕನ್ನು ಮುಟ್ಟಿದರೆ ಸಾಕು, ಒಳಗೆ ನುಗ್ಗಬಾರದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ಪವರ್ ಏರಿಸಿದರೆ ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಕಬ್ಬಿಣ ಮೇಲಕ್ಕೆ ಬೆರೆತು ಕೋಟಿಂಗೇ ತುಕ್ಕು ಹಿಡಿಯುತ್ತದೆ. ಕಡಿಮೆಯಾದರೆ ಅಡಿಯಲ್ಲಿ ಸಂದಿಗಳು ಹಾಗೇ ಉಳಿಯುತ್ತವೆ.

ಮುಗಿದ ಮೇಲೆ ಒಣ ಸುಣ್ಣದ ಪುಡಿಯಲ್ಲಿ ಹೂತು ಆರಲು ಬಿಡಿ. ಗಾಳಿಗಿಟ್ಟರೆ ಅಡ್ಡ ಬಿರುಕು ಬೀಳುತ್ತದೆ, ಬಿರುಕೆಂದರೆ ನೀರಿಗೆ ಹೊಸ ದಾರಿ. ಗ್ರೈಂಡ್ ಮಾಡಿ ಡೈ ಪೆನಿಟ್ರೆಂಟ್‌ನಿಂದ (ಬಿರುಕಿಗಿಳಿದು ಅದನ್ನು ತೋರಿಸುವ ಬಣ್ಣದ ದ್ರವ) ಬಿರುಕು ಹುಡುಕಿ. ಆಮೇಲೆ ಲೀಟರಿಗೆ 50 ಗ್ರಾಂ ಉಪ್ಪು ಬೆರೆಸಿದ ನೀರಲ್ಲಿ ಅದ್ದಿದ ಫಿಲ್ಟರ್ ಕಾಗದವನ್ನು 10 ನಿಮಿಷ ಅಂಟಿಸಿ, ತೆಗೆದು ಲೀಟರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಕ್ಕೆ ಹಾಕಿ. ನೀಲಿ ಚುಕ್ಕೆ ಕಂಡಲ್ಲಿ ನೀರಿಗೆ ಕಬ್ಬಿಣ ಸಿಕ್ಕಿದೆ.

ಫೈಬರ್ ಲೇಸರ್ ಕಿರಣ ಕಣ್ಣಿಗೆ ಕಾಣದು, ವೆಲ್ಡಿಂಗ್ ಗಾಜು ಅದಕ್ಕೆ ನಡೆಯದು. 1070 ನ್ಯಾನೊಮೀಟರ್‌ಗೆಂದೇ ಗುರುತಿಸಿದ ಕನ್ನಡಕ ಹಾಕಿ. ನಿಕಲ್, ಕ್ರೋಮಿಯಂ ಹೊಗೆ ಎಳೆಯಲು ಎಕ್ಸಾಸ್ಟ್ ಇರಲಿ.