ದುಬೈಗೆ ಮೂರು ತಿಂಗಳ ಕೆಲಸಕ್ಕೆ ಹೊರಟ ಕರಾವಳಿಯವರಿಗೆ

ಮಂಗಳೂರು, ಉಡುಪಿ ಕಡೆಯವರಿಗೆ ದುಬೈ ಪರದೇಶ ಅಂತ ಅನಿಸುವುದೇ ಇಲ್ಲ. ಬಜಪೆಯಲ್ಲಿ ವಿಮಾನ ಹತ್ತಿದರೆ ಮೂರೂವರೆ ಗಂಟೆ ಆಸುಪಾಸು. ರಾತ್ರಿ ಬಸ್ಸಿನಲ್ಲಿ ಬೆಂಗಳೂರು ಮುಟ್ಟುವುದಕ್ಕೆ ಇದರ ಎರಡು ಪಟ್ಟು ಬೇಕು. ಹಾಗಾಗಿ ಕಂಪನಿ ಮೂರು ತಿಂಗಳಿಗೆ ಕಳಿಸುತ್ತದೆ ಅಂದ ಕೂಡಲೇ ಅಲ್ಲಿರುವ ಭಾವನಿಗೋ ಚಿಕ್ಕಪ್ಪನಿಗೋ ಒಂದು ಫೋನು ಮಾಡಿ, ಅವರು ಹೇಳಿದ್ದನ್ನು ನಂಬಿ ಹೊರಡುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಭಾವನ ಕೈಯಲ್ಲಿ ಎಮಿರೇಟ್ಸ್ ಐಡಿ (ಅಲ್ಲಿನ ನಿವಾಸಿಗಳ ಗುರುತಿನ ಚೀಟಿ) ಇದೆ, ಅಲ್ಲಿನ ಬ್ಯಾಂಕ್ ಖಾತೆ ಇದೆ, ವರ್ಷದ ಬಾಡಿಗೆ ಕರಾರು ಇದೆ. ಮೂರು ತಿಂಗಳಿಗೆ ಹೋಗುವವರ ಹತ್ತಿರ ಇವು ಇರುವುದಿಲ್ಲ, ಸಿಕ್ಕಿದರೂ ವಾರಗಳ ನಂತರ ಸಿಗುತ್ತವೆ. ಅವರಿಗೆ ಸಲೀಸಾದದ್ದು ನಿಮಗೆ ಆಗುವುದಿಲ್ಲ ಅಂತ ಲೆಕ್ಕ ಹಾಕಿಯೇ ತಯಾರಿ ಮಾಡಿಕೊಳ್ಳಿ.

ಮೊದಲು ವೀಸಾ. "ವಿಸಿಟ್‌ನಲ್ಲಿ ಬಾ, ಆಮೇಲೆ ನೋಡಿಕೊಳ್ಳೋಣ" ಅಂತ ಅಲ್ಲಿನ ಆಫೀಸಿನವರು ಹೇಳಿದರೆ ಒಪ್ಪಬೇಡಿ. ಮೀಟಿಂಗಿಗೆ ಹೋಗಿ ಬರುವುದು ಬೇರೆ, ದಿನಾ ಕೂತು ಕೆಲಸ ಮಾಡುವುದು ಬೇರೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡಿಸಿದ ಕಂಪನಿಗೆ 2024ರ ತಿದ್ದುಪಡಿಯ ನಂತರ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಂ. ಕೆಲಸ ಮಾಡಿದವರು ಗಡೀಪಾರಾಗಬಹುದು. ಅಲ್ಪಾವಧಿ ಕೆಲಸಕ್ಕೆಂದೇ ಅಲ್ಲಿನ ಕಾರ್ಮಿಕ ಇಲಾಖೆ ಪರ್ಮಿಟ್ ಕೊಡುತ್ತದೆ, ಅದನ್ನು ಮಾಡಿಸಿಕೊಡಬೇಕಾದ್ದು ಕಂಪನಿ. ವೀಸಾ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ. ಡಿಗ್ರಿ ಸರ್ಟಿಫಿಕೇಟ್ ದೃಢೀಕರಣ ಬೇಕೇ ಅಂತ ಈಗಲೇ ಕೇಳಿಕೊಳ್ಳಿ. ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ ಅಂತ ಸುತ್ತಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಇಸಿಆರ್ (ವಲಸೆಗೆ ಸರ್ಕಾರದ ಪರಿಶೀಲನೆ ಬೇಕು ಎಂಬ) ಮುದ್ರೆ ಇದ್ದರೆ ಕೆಲಸದ ವೀಸಾಕ್ಕೆ ಎಮಿಗ್ರೇಶನ್ ಅನುಮತಿಯೂ ಬೇಕು. ಅಲ್ಲಿ ಹೋದ ಮೇಲೆ ಪಾಸ್‌ಪೋರ್ಟನ್ನು ಕಂಪನಿಯ ಕಪಾಟಿನಲ್ಲಿ ಇಡಲು ಕೊಡಬೇಡಿ. ನೌಕರರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ.

ಪೆಟ್ಟಿಗೆ ಕಟ್ಟುವಾಗ ಅಮ್ಮ ಕೊಡುವ ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಇದು ಸಣ್ಣ ಮಾತಲ್ಲ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಸಾಲಿಗೆ ಸೇರಿದೆ. ಒಂದು ಚಮಚ ಸಿಕ್ಕಿದರೂ ಕೇಸು. ಪೊಟ್ಟಣದ ಗಸಗಸೆಯನ್ನು ಯಾರೂ ತುಂಬುವುದಿಲ್ಲ, ಆದರೆ ಮನೆಯಲ್ಲಿ ಹುರಿದು ಪುಡಿ ಮಾಡಿದ ಸುಕ್ಕದ ಮಸಾಲೆಯಲ್ಲಿ, ಗರಂ ಮಸಾಲೆಯಲ್ಲಿ ಅದು ಸೇರಿರುತ್ತದೆ. ಪುಡಿ ಮಾಡಿದವರನ್ನೇ ಕೇಳಿ, ಅನುಮಾನವಿದ್ದರೆ ಬಿಟ್ಟು ಹೋಗಿ. ವೀಳ್ಯದೆಲೆ, ಪಾನ್, ಗುಟ್ಕಾ ಯಾವುದೂ ಬೇಡ. ಒಣಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ. ಎಣ್ಣೆಯಂಶದಿಂದಾಗಿ ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಮಾತ್ರೆಗಳನ್ನು ಡಾಕ್ಟರ ಚೀಟಿ ಮತ್ತು ಅಂಗಡಿ ಬಿಲ್ಲಿನ ಜೊತೆ, ಸ್ಟ್ರಿಪ್ಪಿನಿಂದ ಬಿಡಿಸದೆ ಒಯ್ಯಿರಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್, ನಿದ್ದೆ ಅಥವಾ ಆತಂಕಕ್ಕೆ ಕೊಡುವ ಅಲ್ಪ್ರಾಜೋಲಂ ಥರದವು ನಿಯಂತ್ರಿತ ಔಷಧಿಗಳು, ಹೊರಡುವ ಮುಂಚೆಯೇ ಯುಎಇ ಸರ್ಕಾರದಿಂದ ಆನ್‌ಲೈನ್ ಅನುಮತಿ ಪಡೆಯಬೇಕು.

ಕುಚ್ಚಲಕ್ಕಿ ಹೊತ್ತುಕೊಂಡು ಹೋಗಬೇಕಾಗಿಲ್ಲ. ಅಲ್ಲಿನ ದಿನಸಿ ಅಂಗಡಿಗಳಲ್ಲಿ ಹೆಚ್ಚಿನವರು ಮಲಯಾಳಿಗಳು. "ಮಟ್ಟ" ಅಂದರೆ ಕೆಂಪು ಕುಚ್ಚಲಕ್ಕಿ ಕೊಡುತ್ತಾರೆ. ತೆಂಗಿನಕಾಯಿ, ತೆಂಗಿನೆಣ್ಣೆಯೂ ಸುಲಭವಾಗಿ ಸಿಗುತ್ತವೆ. ಆ ತೂಕಕ್ಕೆ ಬ್ಯಾಡಗಿ ಮೆಣಸು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ತುಂಬಿ. ಮೀನು ಮಾರುವವರ ಹತ್ತಿರ ಬಂಗುಡೆಗೆ ಅಯಲ, ಬೂತಾಯಿಗೆ ಮತ್ತಿ ಅಂತ ಕೇಳಿ. ಅಂಜಲ್‌ಗೆ ಅರಬ್ಬಿಯಲ್ಲಿ ಕನಾದ್. ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ಟಿನಲ್ಲಿ ಮೀನು ಕೊಂಡ ಮೇಲೆ ಸ್ವಚ್ಛ ಮಾಡಿಸುವ ಕೌಂಟರ್ ಬೇರೆ, ಅದರ ದುಡ್ಡೂ ಬೇರೆ.

ಮಳೆಗಾಲದಲ್ಲಿ ಹೊರಡುವವರು ಮನೆಯ ಕಡೆಗೂ ಒಂದು ದಿನ ಇಟ್ಟುಕೊಳ್ಳಿ. ಕಪಾಟಿನ ಬಾಗಿಲು ಸ್ವಲ್ಪ ತೆರೆದಿಡಿ, ಚರ್ಮದ ಬೆಲ್ಟು, ಚಪ್ಪಲಿ ಹೊರಗಿರಲಿ. ಮುಚ್ಚಿಟ್ಟರೆ ಬರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ಉಡುಪಿಯಿಂದ ವಿಮಾನ ನಿಲ್ದಾಣಕ್ಕೆ ಹೆದ್ದಾರಿ 66ರಲ್ಲಿ ಸುರತ್ಕಲ್, ಕೂಳೂರು, ಕಾವೂರು ಮಾರ್ಗವೂ ಇದೆ, ಬೆಳ್ಮಣ್, ಕಿನ್ನಿಗೋಳಿ, ಕಟೀಲು ಮಾರ್ಗವೂ ಇದೆ. ಜೋರು ಮಳೆಗೆ ಎರಡೂ ನಿಧಾನ. ಗುಡ್ಡದ ತುದಿಯ ರನ್‌ವೇ ಆದ್ದರಿಂದ ಮೋಡ ಕವಿದರೆ ವಿಮಾನ ತಡವಾಗುವುದು, ಬೇರೆ ಊರಿಗೆ ತಿರುಗುವುದು ಉಂಟು. ಸೋಮವಾರ ಕೆಲಸಕ್ಕೆ ಸೇರಬೇಕಿದ್ದರೆ ಶನಿವಾರವೇ ಹೊರಡಿ.

ಹಣದಲ್ಲಿ ಮೂರು ತಪ್ಪು ಸಾಮಾನ್ಯ. ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಆನ್ ಮಾಡದೆ ಹೋಗುವುದು ಒಂದು. ಊರಿನ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗ್ ಹಾಕಿಸದೆ ಹೋಗುವುದು ಎರಡನೆಯದು, ಆಗ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಯಾವ ಖಾತೆಯೂ ತೆರೆಯುವುದಿಲ್ಲ. ರೋಮಿಂಗ್ ಇರಲಿ, ಅದರ ಡೇಟಾ ಮಾತ್ರ ಆಫ್ ಇರಲಿ. ಮೂರನೆಯದು ಅಂಗಡಿಯ ಕಾರ್ಡ್ ಯಂತ್ರ "ರೂಪಾಯಿಯೋ ದಿರ್ಹಮೋ" ಅಂತ ಕೇಳಿದಾಗ ರೂಪಾಯಿ ಒತ್ತುವುದು. ಯಂತ್ರ ತೋರಿಸುವ ರೂಪಾಯಿ ದರದಲ್ಲಿ ಅವರ ಕಮಿಷನ್ ಸೇರಿರುತ್ತದೆ. ಯಾವಾಗಲೂ ದಿರ್ಹಂ ಒತ್ತಿ. ಇಲ್ಲಿಂದ ಹೊರಡುವಾಗ ವಿದೇಶಿ ನೋಟು 3,000 ಡಾಲರ್ ಮೌಲ್ಯದವರೆಗೆ, ನಮ್ಮ ರೂಪಾಯಿ 25,000ದವರೆಗೆ ಒಯ್ಯಬಹುದು; ಉಳಿದದ್ದು ಮುಂಚೆಯೇ ವಿದೇಶಿ ಹಣ ತುಂಬಿಸಿಡುವ ಫಾರೆಕ್ಸ್ ಕಾರ್ಡಿನಲ್ಲಿರಲಿ.

ಮನೆ

ವರ್ಷದ ಬಾಡಿಗೆ ಮನೆ ನಿಮಗಲ್ಲ. ಹಾಗಾಗಿ ಉಳಿಯುವುದು ಎರಡೇ ದಾರಿ: ತಿಂಗಳ ಲೆಕ್ಕದ ಹೋಟೆಲ್ ಅಪಾರ್ಟ್‌ಮೆಂಟ್, ಇಲ್ಲವೇ ಯಾರದೋ ಫ್ಲ್ಯಾಟಿನಲ್ಲಿ ಒಂದು ಕೋಣೆ. ಕೋಣೆಯಾದರೆ ಪ್ಲೈವುಡ್ ಅಡ್ಡಹಾಕಿ ಮಾಡಿದ ಪಾರ್ಟಿಷನ್ನಿಗೆ ಹೋಗಬೇಡಿ. ಬಾಡಿಗೆ ಕಡಿಮೆ ನಿಜ. ಆದರೆ ಅನುಮತಿ ಇಲ್ಲದ ಪಾರ್ಟಿಷನ್ ಕಾನೂನುಬಾಹಿರ, ಬೆಂಕಿ ಬಿದ್ದರೆ ಹೊರಬರುವ ದಾರಿಯೇ ಮುಚ್ಚಿಹೋಗಿರುತ್ತದೆ, ತಪಾಸಣೆ ಬಂದ ದಿನ ಗಂಟುಮೂಟೆ ಕಟ್ಟಬೇಕಾಗುತ್ತದೆ. ಫೋಟೋ ನೋಡಿ ಮುಂಗಡ ಕಳಿಸುವುದೂ ಬೇಡ. ಮೊದಲ ಐದು ರಾತ್ರಿಗೆ ಹೋಟೆಲ್ ಬುಕ್ ಮಾಡಿ, ಆಮೇಲೆ ಕಣ್ಣಾರೆ ನೋಡಿ ದುಡ್ಡು ಕೊಡಿ.

ಹೋಟೆಲ್ ಅಪಾರ್ಟ್‌ಮೆಂಟಿನವರು ಹೇಳುವ ದರದ ಮೇಲೆ 5% ವ್ಯಾಟ್, ಮುನಿಸಿಪಾಲಿಟಿ ಶುಲ್ಕ, ಸರ್ವಿಸ್ ಚಾರ್ಜ್, ಜೊತೆಗೆ ರಾತ್ರಿಗಿಷ್ಟು ಅಂತ "ಟೂರಿಸಂ ದಿರ್ಹಂ" ಎಂಬ ಶುಲ್ಕ ಬೀಳುತ್ತವೆ. "ಎಲ್ಲಾ ಸೇರಿ ತಿಂಗಳಿಗೆ ಎಷ್ಟು" ಅಂತ ಕೇಳಿ ಇಮೇಲಿನಲ್ಲಿ ಬರೆಸಿಕೊಳ್ಳಿ. ನೋಡಲು ಹೋದಾಗ ಬಟ್ಟೆ ಒಗೆಯುವ ಯಂತ್ರ ಇದೆಯೇ, ಕಿಟಕಿ ತೆರೆಯುತ್ತದೆಯೇ, ಒಲೆ ಯಾವ ಬಗೆಯದು ಅಂತ ನೋಡಿ.

ಒಲೆಯ ಮಾತು ಬಂತು. ಗ್ಯಾಸ್ ಇಲ್ಲದ ಕಡೆ ಗಾಜಿನ ಮೇಲ್ಮೈಯ ಕರೆಂಟ್ ಒಲೆ ಇರುತ್ತದೆ. ಇಂಡಕ್ಷನ್ ಆದರೆ ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು, ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ. ಕಾಯಿಲ್ ಒಲೆ ಆದರೆ ಯಾವ ಪಾತ್ರೆಯೂ ನಡೆಯುತ್ತದೆ, ತಳ ಮಾತ್ರ ಚಪ್ಪಟೆ ಇರಬೇಕು. ಊರಿನ ತಗ್ಗು ಕಾವಲಿ ಅದರ ಮೇಲೆ ಓಲಾಡುತ್ತದೆ, ನೀರುದೋಸೆ ನಡುವೆ ಕಂದಿ ಅಂಚಿನಲ್ಲಿ ಹಸಿ ಉಳಿಯುತ್ತದೆ. ಕುಚ್ಚಲಕ್ಕಿಗೆ ಹೀಗೆ ಮಾಡಿ: ಒಂದು ಲೋಟ ಅಕ್ಕಿ ಒಂದು ಗಂಟೆ ನೆನೆಯಲಿ, ನಾಲ್ಕು ಲೋಟ ನೀರು ಹಾಕಿ, ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ತುಂಬಿದರೆ ಗಂಜಿ ನೊರೆ ವಿಸಿಲಿನ ತೂತಿಗೆ ಕಟ್ಟುತ್ತದೆ. ಗ್ಯಾಸಿನಲ್ಲಿ ಆರು ವಿಸಿಲ್ ಬೇಕಾದರೆ ಕಾಯಿಲ್ ಒಲೆಯಲ್ಲಿ ನಾಲ್ಕಕ್ಕೇ ಆಫ್ ಮಾಡಿ, ಕುಕ್ಕರನ್ನು ಅಲ್ಲಿಂದ ಎತ್ತಬೇಡಿ. ಆಫ್ ಮಾಡಿದ ಮೇಲೂ ಹತ್ತು ನಿಮಿಷ ಒಲೆ ಬಿಸಿ ಇರುತ್ತದೆ, ಉಳಿದದ್ದು ಆ ಕಾವಿನಲ್ಲೇ ಬೇಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇರುವವರಿಗೆ ಇನ್ನೊಂದು. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ, ಮಾಳಿಗೆಯ ಟ್ಯಾಂಕ್ ಬಿಸಿಲಿಗೆ ಕಾದಿರುತ್ತದೆ. ಗೀಸರ್ ಕೋಣೆಯ ಒಳಗಿದ್ದರೆ ಅದನ್ನು ಹಿಂದಿನ ರಾತ್ರಿಯೇ ಆಫ್ ಮಾಡಿ, ಬೆಳಿಗ್ಗೆ "ಬಿಸಿನೀರಿನ" ನಲ್ಲಿ ತಿರುಗಿಸಿ. ಎಸಿಯ ತಂಪಿಗೆ ಗೀಸರಿನಲ್ಲಿದ್ದ ನೀರು ಆರಿರುತ್ತದೆ, ಸ್ನಾನ ಮುಗಿಯುವಷ್ಟು ಸಿಗುತ್ತದೆ. ಸೈಟಿನ ಕೆಲಸದವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ನಿಷೇಧ. ಯಾರಾದರೂ ದುಡಿಸಿದರೆ ಅದು ತಪ್ಪು ಅಂತ ತಿಳಿದಿರಲಿ.

ಓಡಾಟ, ಫೋನು

ಬಾಡಿಗೆ ನೋಡಿ ಮನೆ ಹಿಡಿಯುವುದಕ್ಕಿಂತ ಮೆಟ್ರೋ ನೋಡಿ ಹಿಡಿಯಿರಿ. ಶಾರ್ಜಾದಲ್ಲಿ ಬಾಡಿಗೆ ಅಗ್ಗ ಅಂತ ಬಹಳ ಜನ ಹೇಳುತ್ತಾರೆ. ಅಲ್ಲಿಗೆ ಮೆಟ್ರೋ ಇಲ್ಲ, ಸಂಜೆಯ ಟ್ರಾಫಿಕ್ಕಿನಲ್ಲಿ ಉಳಿದ ಹಣಕ್ಕಿಂತ ಹೆಚ್ಚು ಜೀವ ಸವೆಯುತ್ತದೆ. ಆಫೀಸು ಇಂಟರ್ನೆಟ್ ಸಿಟಿ, ಮರೀನಾ ಕಡೆ ಇದ್ದರೆ ಕೆಂಪು ಮಾರ್ಗ. ಕರಾಮಾ, ಬರ್ ದುಬೈ ನಮ್ಮವರಿಗೆ ಅನುಕೂಲ: ಉಡುಪಿ ಹೋಟೆಲುಗಳಿವೆ, ಕೆಂಪು, ಹಸಿರು ಮಾರ್ಗ ಸೇರುವ ಬರ್‌ಜುಮಾನ್ ನಿಲ್ದಾಣ ಹತ್ತಿರ. ಮೆಟ್ರೋ, ಬಸ್ಸಿಗೆ ಬಳಸುವ ಬೆಳ್ಳಿ ಬಣ್ಣದ ನೋಲ್ ಕಾರ್ಡ್ 25 ದಿರ್ಹಂ, ಅದರಲ್ಲಿ 19 ಪ್ರಯಾಣಕ್ಕೆ. ದಿನಾ ಹೋಗಿಬರುವುದಾದರೆ 30 ದಿನದ ಪಾಸ್ ಲೆಕ್ಕ ಹಾಕಿ ನೋಡಿ. ಮೆಟ್ರೋದಲ್ಲಿ ನೀರು ಕುಡಿದರೂ 100 ದಿರ್ಹಂ ದಂಡ, ಹೆಂಗಸರ ಡಬ್ಬಿಗೆ ಗಂಡಸರು ಕಾಲಿಟ್ಟರೂ ಅಷ್ಟೇ. ಭಾನುವಾರ ಬೆಳಿಗ್ಗೆ 8ರ ಮುಂಚೆ ಮೆಟ್ರೋ ಇಲ್ಲ. ಕಂಕನಾಡಿಯಲ್ಲಿ ದಾಟಿದ ಹಾಗೆ ಕಂಡಕಂಡಲ್ಲಿ ರಸ್ತೆ ದಾಟಿದರೆ ದಂಡ ಖಂಡಿತ.

ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ವಿಪಿಎನ್ ಹಾಕಿ ದಾರಿ ಹುಡುಕಬೇಡಿ. ಅಲ್ಲಿ ಕರೆಗೆ ಬಳಸುವುದು ಬೋಟಿಮ್ ಎಂಬ ಆ್ಯಪ್. ಹೊರಡುವ ಮುಂಚೆ ಅಪ್ಪ ಅಮ್ಮನ ಫೋನಿನಲ್ಲಿ ಹಾಕಿಕೊಟ್ಟು, ಎದುರು ಕೂತು ಎರಡು ಸಲ ಕರೆ ಮಾಡಿಸಿ ಅಭ್ಯಾಸ ಮಾಡಿಸಿ. ಇಲ್ಲಿನ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿ ಊಟ ಮುಗಿಸಿ ಒಂಬತ್ತೂವರೆಗೆ ಕರೆ ಮಾಡಿದರೆ ಇಲ್ಲಿ ಹನ್ನೊಂದು, ಮನೆಯವರು ಗಾಬರಿಯಿಂದ ಎದ್ದು ಕೂರುತ್ತಾರೆ. ಕೆಲಸಕ್ಕೆ ಹೊರಡುವ ಮುಂಚೆ ಏಳಕ್ಕೆ ಮಾಡಿ, ಇಲ್ಲಿ ಎಂಟೂವರೆ. 2022ರಿಂದ ಅಲ್ಲಿನ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಸರ್ಕಾರಿ ಕಚೇರಿಗಳು ಅರ್ಧ ದಿನ, ಆದ್ದರಿಂದ ಅಲ್ಲಿನ ಕೆಲಸಗಳನ್ನು ಗುರುವಾರದೊಳಗೆ ಮುಗಿಸಿ.

ಎರಡನೇ ವಾರ ಹೊಸತನ ಇಳಿದು ಕೋಣೆಯ ಎಸಿ ಸದ್ದಷ್ಟೇ ಕೇಳುತ್ತದೆ. ಅದಕ್ಕೆ ಮದ್ದು ವಾರಕ್ಕೊಂದು ಖಾಯಂ ಜಾಗ. ಊದ್ ಮೆಥಾದಲ್ಲಿ ಸೇಂಟ್ ಮೇರಿಸ್ ಚರ್ಚ್ ಇದೆ, 2022ರಲ್ಲಿ ತೆರೆದ ಹಿಂದೂ ದೇವಸ್ಥಾನ ಜೆಬೆಲ್ ಅಲಿಯಲ್ಲಿದೆ, ಮಸೀದಿ ಪ್ರತಿ ಬೀದಿಯಲ್ಲೂ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘಗಳು, ಯಕ್ಷಗಾನ ಕಲಿಯುವವರ ತಂಡವೂ ಇವೆ. ಭಾವನನ್ನು ಕೇಳಬೇಕಾದ್ದು ಇದನ್ನೇ. ಈ ವಿಷಯದಲ್ಲಿ ಅವರ ಮಾತು ಅಪ್ಪಟ.

ತುರ್ತಿಗೆ ಪೊಲೀಸ್ 999, ಆಂಬುಲೆನ್ಸ್ 998. ಪ್ರಯಾಣ ವಿಮೆಯ ನಂಬರನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ, ಫೋನು ಸತ್ತಾಗ ಬೇಕಾಗುತ್ತದೆ. ಮರಳುವ ವಾರ ಕುಡಿಯುವ ನೀರಿನ ಕ್ಯಾನಿನ ಡೆಪಾಸಿಟ್, ಕೋಣೆಯ ಡೆಪಾಸಿಟ್ ಕೇಳಿ ಪಡೆಯಿರಿ. ಕೆಲಸದ ಪರ್ಮಿಟ್ ರದ್ದು ಮಾಡಿದ ಕಾಗದವನ್ನು ಕಂಪನಿಯಿಂದ ಇಸಿದುಕೊಂಡೇ ವಿಮಾನ ಹತ್ತಿ, ಮುಂದಿನ ಸಲ ಹೊಸ ವೀಸಾ ಹಾಕುವಾಗ ಅದು ಬೇಕಾಗಬಹುದು.